ಮೂಗುತಿ ಮೀನು

ಹಿತ್ತಾಳೆ ಬಟ್ಟಲನ್ನು ತುಂಗಾ ಕಲ್ಲಿಗೆ ಮೂರು ಸಲ ಕುಟ್ಟಿದಳು. ಇಪ್ಪತ್ತೆರಡು ವರ್ಷದಿಂದ ದಿನಾ ಕುಟ್ಟುವ ಜಾಗ ಅದು. ಕಲ್ಲಿನಲ್ಲಿ ಬೆರಳು ಹುಗಿಯುವಷ್ಟು ಗುಳಿ ಬಿದ್ದಿತ್ತು. ಮೊದಲೆಲ್ಲ ಮೂರನೇ ಪೆಟ್ಟು ಬೀಳುವುದರೊಳಗೆ ಹೊಳೆಯ ಹಾಲ್ಗುಂಡಿಯ ನೀರೆಲ್ಲ ಕಪ್ಪಾಗಿಬಿಡುತ್ತಿತ್ತು, ಅಷ್ಟು ಮೀನು ಒಮ್ಮೆಲೇ ಮೇಲೆ ಬರುತ್ತಿದ್ದವು. ಈಗ ಕರೆಯುವುದೇ ಬೇಡ. ಎಲ್ಲಿಗೆ ಹೋಗುತ್ತವೆ ಪಾಪ, ಇರುವುದೇ ಮೊಣಕಾಲುದ್ದ ನೀರು. ದೊಡ್ಡ ಮೀನುಗಳ ಬೆನ್ನು ನೀರಿನಿಂದ ಮೇಲೆದ್ದು ಬಿಸಿಲಿಗೆ ಒಣಗುತ್ತಿತ್ತು. ಮೀನಿನ ಬೆನ್ನು ಒಣಗುವುದನ್ನು ಅವಳು ಜನ್ಮದಲ್ಲಿ ಕಂಡವಳಲ್ಲ.

"ಬನ್ನಿ ಮಕ್ಳೇ, ಬನ್ನಿ" ಎನ್ನುತ್ತ ಒಂದು ಮುಷ್ಟಿ ಹೊದಲು ಚೆಲ್ಲಿದಳು. ಭತ್ತ ಹುರಿದು ಅರಳಿಸಿದ ಬಿಳೀ ಹೊದಲು. ಮೈಮೇಲೆ ಕಜ್ಜಿ ಎದ್ದವರು, ಮಕ್ಕಳಿಗೆ ಚರ್ಮದ ಕಾಯಿಲೆ ಬಂದವರು ದುರ್ಗಿ ಗುಡಿಗೆ ಹರಕೆ ಹೊತ್ತು ಬಂದು ಹೊಳೆಯ ಮೀನಿಗೆ ಹೊದಲು ಹಾಕುವುದು ಅಲ್ಲಿಯ ಪದ್ಧತಿ. ಕೆರಾಡಿ ದಾಟಿ ಒಳಗೆ, ಬಸ್ಸು ನಿಂತ ಮೇಲೂ ಎರಡು ಮೈಲಿ ನಡೆಯಬೇಕು. ಆದರೂ ಜನ ಬರುತ್ತಿದ್ದರು. ಹೊದಲು ಹುರಿದು ಕೊಡುವುದೂ, ಯಾರೂ ಬಾರದ ದಿನ ತಾನೇ ಮೀನಿಗೆ ಹಾಕುವುದೂ ತುಂಗಾಳ ಕೆಲಸ. ಒಮ್ಮೆ ಕಾಲೇಜಿನವರು ಬಂದು ಫೋಟೋ ಹೊಡೆದುಕೊಂಡು, "ಈ ಜಾತಿ ಬೇರೆ ಹೊಳೆಗಳಲ್ಲಿ ಮುಗಿಯುತ್ತಾ ಬಂದಿದೆ ಅಮ್ಮಾ, ಇಲ್ಲಿ ದೇವರ ಹೆಸರಿನಲ್ಲಿ ಉಳಿದುಕೊಂಡಿದೆ" ಎಂದಿದ್ದರು. ದೇವರ ಹೆಸರು ಹೇಳಿದರೆ ಹೊಳೆಗೆ ನೀರು ಬರುತ್ತದೆಯೇ, ಅದನ್ನು ಅವರು ಹೇಳಿರಲಿಲ್ಲ.

ಬರಬೇಕಾಗಿದ್ದ ಮಳೆ ಒಂದೂ ಬರಲಿಲ್ಲ ಆ ವರ್ಷ. ಭತ್ತ ಕೊಯ್ದು ಅಂಗಳದಲ್ಲಿ ಹಾಕಿದಾಗ ಧೋ ಎಂದು ಹೊಯ್ದದ್ದೇ ಕಡೆ. ಯುಗಾದಿ ಹೋಯಿತು, ಕೃತ್ತಿಕೆ ಹೋಯಿತು, ರೋಹಿಣಿಯೂ ಹಾಗೇ ಬೆವರಿಳಿಸಿ ಹೋಯಿತು. ಹೊಳೆ ಮಾಘದಲ್ಲೇ ಹರಿಯುವುದು ನಿಲ್ಲಿಸಿತ್ತು. ಗುಂಡಿಯಿಂದ ಗುಂಡಿಗೆ ಒಣಗುತ್ತಾ ಬಂದು, ಗುಡಿಯ ಬುಡದ ಹಾಲ್ಗುಂಡಿಯೊಂದರಲ್ಲಿ ಮಾತ್ರ ನೀರು ಉಳಿದಿತ್ತು. ಮೇಲಿನ ಮೀನೆಲ್ಲ ಅಲ್ಲಿಗೇ ಬಂದು ಸೇರಿಕೊಂಡಿದ್ದವು.

ಹೊದಲಿಗೆ ಮುತ್ತಿದ ಮೀನುಗಳ ನಡುವೆ ತುಂಗಾಳ ಕಣ್ಣು ಒಂದನ್ನೇ ಹುಡುಕಿತು. ಇತ್ತು. ನೇರಳೆ ಮರದ ಬೇರು ನೀರಿಗಿಳಿದ ಮೂಲೆಯಿಂದ, ಮದುವೆಮನೆಗೆ ಬಂದ ಹಿರಿಯಳ ಹಾಗೆ, ಅವಸರವಿಲ್ಲದೆ ಬಂತು. ಮೇಲ್ದುಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಂಗಾರ ಮಿನುಗಿತು. ತುಂಗಾ ಉಸಿರು ಬಿಟ್ಟಳು.

ಆ ಮೂಗುತಿ ಇಟ್ಟವನು ಅವಳ ಗಂಡ ರಾಜೀವ. ಮಗಳು ಪ್ರಜ್ಞಾಳಿಗೆ ನಾಲ್ಕು ವರ್ಷವಾಗಿದ್ದಾಗ ಮೈಯೆಲ್ಲ ಹುಣ್ಣೆದ್ದು, ಬಾಳೆಎಲೆಯ ಮೇಲೆ ಮಲಗಿಸುವ ಹಾಗಾಗಿತ್ತು. ದೊಡ್ಡಾಸ್ಪತ್ರೆಯೂ ಆಯಿತು, ನಾಟಿ ಮದ್ದೂ ಆಯಿತು. ಗುಣವಾದರೆ ದುರ್ಗಿ ಅಮ್ಮನ ಮೀನಿಗೆ ಬಂಗಾರ ಇಡುತ್ತೇನೆ ಎಂದು ರಾಜೀವ ಹೇಳಿಕೊಂಡ. ಗುಣವಾಯಿತು. ಮಗುವಿನ ಕಿವಿಯ ಸಣ್ಣ ರಿಂಗನ್ನೇ ಬಿಚ್ಚಿ, ಎದೆಮಟ್ಟದ ನೀರಿಗಿಳಿದು, ಅಂಗೈಯಿಂದ ಹೊದಲು ತಿನ್ನಲು ಬಂದ ಮೀನಿಗೆ ಮುಟ್ಟಿದರೂ ಗೊತ್ತಾಗದ ಹಾಗೆ ಇಟ್ಟುಬಿಟ್ಟಿದ್ದ. ಅವನು ಹೋಗಿ ಆರು ವರ್ಷ. ಪ್ರಜ್ಞಾ ಈಗ ಬ್ರಹ್ಮಾವರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವನ ಕೈಯ ಕೆಲಸವೆಂದು ಊರಿನಲ್ಲಿ ಉಳಿದದ್ದು ಅದೊಂದೇ. ತುಂಗಾ ದಿನಾ ಬೆಳಿಗ್ಗೆ ಹೋಗುತ್ತಿದ್ದದ್ದು ಅಮ್ಮನಿಗೆ ಕೈಮುಗಿಯುವುದಕ್ಕೋ ಆ ಮೀನನ್ನು ನೋಡುವುದಕ್ಕೋ ಎಂದು ಕೇಳಿದರೆ ಅವಳೇ ನಾಚಿಕೊಳ್ಳುತ್ತಿದ್ದಳು.

ಅವತ್ತು ಆರು ಮರಿ ಸತ್ತು ತೇಲುತ್ತಿದ್ದವು. ತುಂಗಾ ಬಟ್ಟಲು ಅಲ್ಲೇ ಬಿಟ್ಟು ನೇರ ಉಮಾನಾಥ ಶೆಟ್ಟರ ಮನೆಗೆ ಹೋದಳು. ಶೆಟ್ಟರು ಗುಡಿಯ ಮೊಕ್ತೇಸರರು. ಮುಂಬೈಯ ಹೋಟೆಲನ್ನು ಮಗನಿಗೆ ಬಿಟ್ಟು ಬಂದು, ಹೊಳೆಯ ಮೇಲ್ದಂಡೆಯಲ್ಲಿ ತೋಟ ಮಾಡಿದ್ದರು. ತೋಟಕ್ಕೆ ಹೊಳೆಯ ಮರಳಿನಲ್ಲಿ ಆಳಕ್ಕೆ ತೋಡಿದ ಹೊಂಡದಿಂದಲೇ ಎರಡು ಪಂಪು.

"ಶೆಟ್ರೇ, ಪಂಪ್ ಒಂದ್ ನಾಲ್ಕ್ ದಿನ ನಿಲ್ಸುಕ್ ಆತ್ತಾ? ಮೇಲಿಂದ್ ಚೂರ್ ನೀರ್ ಬಂದ್ರೆ ಮೀನ್ ಬದ್ಕ್ತೊ."

"ನಂದ್ ನಿಲ್ಸಿರೆ ಸಾಕಾ ಮಾರಾಯ್ತಿ? ಮೇಲೆ ಇನ್ನೂ ಹದ್ನಾಲ್ಕ್ ಪಂಪ್ ಇತ್ತ್. ಅವ್ರೆಲ್ಲ ಎಳಿತಾ ಇಪ್ಪಾಗ ನಾನೊಬ್ಬ ಗಿಡ ಒಣಗ್ಸ್ಕಂಡ್ ಕೂಕಣ್ಕಾ?" ಶೆಟ್ಟರು ಹೆಗಲ ಮೇಲಿನ ಬೈರಾಸಿನಿಂದ ಕತ್ತು ಒರೆಸಿಕೊಂಡರು. ಆಮೇಲೆ ಏನೋ ಹೊಳೆದವರ ಹಾಗೆ ಮುಖ ಅರಳಿಸಿದರು. "ನೀ ಹೆದ್ರ್‌ಬೇಡ. ದೇವ್ರ್ ಮೀನ್ ಸಾಯುಕೆ ನಾ ಬಿಡ್ತ್ನಾ? ಟ್ಯಾಂಕರ್ ತರ್ಸ್ತೆ, ನನ್ನ್ ಖರ್ಚಗೇ. ಎಷ್ಟ್ ಲೋಡ್ ಬೇಕ್ ಹೇಳ್."

ಹೊಳೆಯ ನೀರು ಎಳೆದು ತೋಟಕ್ಕೆ, ಪೇಟೆಯ ನೀರು ತಂದು ಹೊಳೆಗೆ! ಆದರೆ ತುಂಗಾಳಿಗೆ ಆಗ ಅದೆಲ್ಲ ತೋಚಲಿಲ್ಲ. ಶೆಟ್ಟರು ಸಾಕ್ಷಾತ್ ಅಮ್ಮನೇ ಕಳಿಸಿದವರಂತೆ ಕಂಡರು.

ಮರುದಿನ ಬೆಳಿಗ್ಗೆಯೇ ಟ್ಯಾಂಕರ್ ತೆಗೆದುಕೊಂಡು ಬಂದವನು ಹಟ್ಟಿಯಂಗಡಿಯ ಸುಧೀರ್. ಮೂವತ್ತು ವರ್ಷದವನು, ನಗುಮುಖದವನು. ಖಾಲಿ ಟ್ಯಾಂಕರನ್ನು ಗುಡಿಯ ಹತ್ತಿರ ನಿಲ್ಲಿಸಿ, ಪೈಪು ಮುಟ್ಟುತ್ತದೋ ಇಲ್ಲವೋ ಎಂದು ಅಳತೆ ನೋಡಿಕೊಂಡ.

"ತುಂಗಕ್ಕ, ನೀರ್ ಕೆಂಪ್‌ಕಲ್ಲಿನ್ ಹೊಂಡದ್ದೇ ತತ್ತೆ ಅಕ್ಕಾ? ಕಲ್ಲ್ ತೆಗ್ದ್ ಬಿಟ್ಟದ್ ಹೊಂಡ, ಹ್ವಾದ್ ವರ್ಷದ್ ಮಳೆನೀರ್ ಬೇಕಾದಷ್ಟ್ ನಿಂತಿತ್ತ್. ಹತ್ರವೂ ಆತ್ತ್. ಬೈಗಿನೊಳ್ಗೆ ಹತ್ತ್ ಲೋಡ್ ಹಾಕ್ತೆ ಕಾಣಿ."

ತುಂಗಾ ಹೌಹಾರಿದಳು. "ಆ ಹೊಂಡದ್ದಾ? ನಿಂಗೆಂತ ತಲೆ ಸಮ ಇತ್ತಾ? ಆಚಿ ವರ್ಷ ಅದ್ರಗೆ ಜನ ಬಿದ್ದ್ ಸತ್ತದ್ದ್ ಗೊತ್ತಿಲ್ಯಾ? ಎಮ್ಮಿ ಮೀಸುದ್ ಅಲ್ಲೆ, ಲಾರಿ ತೊಳುದ್ ಅಲ್ಲೆ. ಆ ಮೈಲ್ಗಿ ನೀರ್ ತಂದ್ ದೇವ್ರ್ ಮೀನಿಗ್ ಹಾಕುದಾ?"

"ಮೀನಿಗೆಂತ ಮೈಲ್ಗಿ ಅಕ್ಕಾ? ಆ ಹೊಂಡದಗೂ ಮೀನಿತ್ತಲ್ಲೆ."

"ಅದ್ ಬರೀ ಮೀನ್. ಇದ್ ಅಮ್ಮನ್ ಮೀನ್." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಪೇಟೆಯರ್ ಕುಡಿತ್ರಲ್ಲೆ, ಆ ಟಾಂಕಿ ನೀರ್ ತಾ. ಮದ್ದ್ ಹಾಕಿ ಶುದ್ಧ ಮಾಡಿದ್ದ್. ನಾವ್ ಕುಡುದಕ್ಕಿಂತ ಒಂದ್ ಕೈ ಒಳ್ಳೆದೇ ದೇವ್ರಿಗ್ ಕೊಡ್ಕ್, ಕಮ್ಮಿದಲ್ಲ."

ಸುಧೀರ್ ತಲೆ ಕೆರೆದುಕೊಂಡ. "ಅದ್ ವಾಸ್ನಿ ಬತ್ತಕ್ಕಾ. ಕಾಮಾಲಿ ಬಂದಿತ್ತಂದೇಳಿ ಈಗ ಬ್ಲೀಚಿಂಗ್ ಪುಡಿ ಜಾಸ್ತಿ ಹಾಕ್ತ್ರ್ ಅಂಬ್ರ್."

"ಜಾಸ್ತಿ ಹಾಕಿರೆ ಜಾಸ್ತಿ ಶುದ್ಧ. ನೀ ತಾ ಮಾರಾಯ."

ತಂದ. ಐದು ಲೋಡು ತಂದ. ಪೈಪಿನಿಂದ ನೀರು ದಬದಬ ಬಿದ್ದಾಗ ಆಸ್ಪತ್ರೆಯ ನೆಲ ಒರೆಸಿದ ವಾಸನೆ ಗುಡಿಯ ಜಗಲಿಯವರೆಗೂ ಬಂತು. ತುಂಗಾಳ ಮೂಗಿಗೆ ಅದು ಶುದ್ಧದ ವಾಸನೆಯಾಗಿಯೇ ಬಂತು. ನೀರು ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರಿತು. ಒಣಗಿದ ಬೆನ್ನುಗಳೆಲ್ಲ ಒಂದೊಂದಾಗಿ ಮುಳುಗಿದವು. ಸಾಯಂಕಾಲದ ಹೊತ್ತಿಗೆ ಮೀನುಗಳು ಒಮ್ಮೆಲೇ ಮೇಲೆ ಬಂದು ನೀರಿನಿಂದಾಚೆ ಹಾರತೊಡಗಿದವು. ಒಂದು ಹಾರಿತು, ಹತ್ತು ಹಾರಿದವು, ಗುಂಡಿಯೆಲ್ಲ ಫಟ ಫಟ ಸದ್ದು.

"ಕಾಣ್ ಕಾಣ್, ಹ್ಯಾಂಗ್ ಕುಣಿತೊ!" ತುಂಗಾ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಸುಧೀರನೂ ನಕ್ಕ. ಅವಳು ಹೊದಲು ಚೆಲ್ಲಿದಳು. ಮೀನು ತಿನ್ನಲಿಲ್ಲ. "ಹೊಟ್ಟಿ ತುಂಬ ನೀರ್ ಕುಡ್ದೊ, ಇನ್ನೆಲ್ ಹೊದ್ಲ್ ತಿಂತೊ" ಎಂದು ತಾನೇ ಸಮಾಧಾನ ಹೇಳಿಕೊಂಡು ಮನೆಗೆ ಹೋದಳು. ದೀಪ ಹಚ್ಚಿ, ಗಂಜಿ ಉಂಡು, ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

ಬೆಳಿಗ್ಗೆ ಅವಳು ಬಟ್ಟಲು ಕುಟ್ಟಲಿಲ್ಲ. ಕುಟ್ಟುವ ಮೊದಲೇ ಕಾಣಿಸಿತು. ಗುಂಡಿಯ ಮೇಲೆ ಯಾರೋ ಬಿಳೀ ಪಂಚೆ ಹಾಸಿದ ಹಾಗೆ, ದಂಡೆಯಿಂದ ದಂಡೆಗೆ ಮೀನಿನ ಹೊಟ್ಟೆಗಳು. ನೇರಳೆ ಮರದ ತುಂಬ ಕಾಗೆ. ತುಂಗಾ ಅಲ್ಲೇ ಕಲ್ಲಿನ ಮೇಲೆ ಕೂತು ಮಗಳಿಗೆ ಫೋನು ಒತ್ತಿದಳು.

ಪ್ರಜ್ಞಾ ತಾಯಿಯ ಮಾತೆಲ್ಲ ಕೇಳಿಸಿಕೊಂಡಳು. "ಅಬ್ಬಿ, ಎಲ್ಲಿನ್ ನೀರ್ ಹಾಕಿದ್ದ್?"

"ಪೇಟೆ ಟಾಂಕಿದ್ದ್. ಶುದ್ಧ ನೀರ್."

"ಬ್ಲೀಚಿಂಗ್ ವಾಸ್ನಿ ಇದ್ದಿತಾ?"

"ಇದ್ದಿತ್."

"ಅದ್ ಮೀನಿಗ್ ವಿಷ ಅಬ್ಬಿ. ಕಿವಿರ್ ಸುಟ್ಟ್ ಹೋತ್ತ್, ಉಸ್ರ್ ತೆಗುಕ್ ಆತಿಲ್ಲೆ."

"ಆಗ ಹಾರ್ದದ್ದ್..." ತುಂಗಾಳ ಚಪ್ಪಾಳೆ ತಟ್ಟಿದ ಕೈ ಮಡಿಲಲ್ಲಿತ್ತು. ಅದನ್ನೇ ನೋಡುತ್ತಾ ಕೇಳಿದಳು, "ಕಲ್ಲಿನ್ ಹೊಂಡದ್ ನೀರ್ ಹಾಕಿರೆ ಸಾಯ್ತಿತ್ತಾ ಹೆಣ್ಣೇ?"

"ಇಲ್ಲೆ ಅಬ್ಬಿ. ಅದ್ರಗೆ ಎಂತ ಆತಿರ್ಲಿಲ್ಲೆ."

ಒಂಬತ್ತು ಗಂಟೆಯೊಳಗೆ ಊರೇ ಬಂದು ನೆರೆಯಿತು. ಉಮಾನಾಥ ಶೆಟ್ಟರು ಬಂದರು, ಗುಡಿಯ ಭಟ್ಟರು ಬಂದರು. ಟ್ಯಾಂಕರಿನ ಬಾಡಿಗೆ ಕೇಳಲು ಬಂದಿದ್ದ ಸುಧೀರ್ ಏನೂ ತಿಳಿಯದೆ ಜನರ ನಡುವೆ ಸಿಕ್ಕಿಬಿದ್ದ. ಯಾರೋ ಅಂಗಿ ಹಿಡಿದರು, ಯಾರೋ ಕೆನ್ನೆಗೆ ಬಿಟ್ಟರು. "ವಿಷ ತಂದ್ ಸೊರ್ಗಿದ್ಯಲ್ಲ, ಹಾಳಾದವ್ನೆ!"

ತುಂಗಾ ನುಗ್ಗಿ ನಡುವೆ ನಿಂತಳು. "ಅವ್ನಿಗ್ ಹೊಡಿಬೇಡಿ! ಅವ ಹೊಂಡದ್ ನೀರೇ ತತ್ತೆ ಅಂದಿದ. ಬ್ಯಾಡ ಅಂದದ್ದ್ ನಾನ್. ಟಾಂಕಿ ನೀರ್ ತಾ ಅಂದದ್ದೂ ನಾನೇ!"

ಹೇಳಿದಳು, ಸ್ಪಷ್ಟವಾಗಿಯೇ ಹೇಳಿದಳು. ಆದರೆ ಯಾರಿಗೆ ಬೇಕು ಅವಳ ಮಾತು? "ಹೆಂಗ್ಸ್ರ್ ಎಂತಾರೂ ಹೇಳ್ತ್ರ್" ಎಂದರು ಶೆಟ್ಟರು. "ಗಾಡಿ ಓಡ್ಸುವನಿಗೆ ಬುದ್ಧಿ ಬ್ಯಾಡ್ದಾ? ನನ್ನ್ ಮರ್ಯಾದಿ ತೆಗ್ದ. ನಾ ಪುಣ್ಯಕ್ಕಂದೇಳಿ ತರ್ಸಿದ್ ನೀರ್!" ಆಮೇಲೆ ಸುಧೀರನ ಕಡೆ ಬೆರಳು ಮಾಡಿದರು. "ಮೂಗುತಿದ್ದ್ ಒಂದ್ ಸತ್ತಿತ್ತೋ, ನಿನ್ನ್ ಸುಮ್ನೆ ಬಿಡುದಿಲ್ಲೆ. ಸ್ಟೇಶನ್ನಿಗೇ ಎಳಿತೆ."

ಭಟ್ಟರು ಮೆಲ್ಲನೆ ಕೆಮ್ಮಿದರು. ದೇವರ ಮೀನನ್ನು ತಿನ್ನುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. ಗುಡಿಯ ಜಾಗದಲ್ಲೇ ಗುಂಡಿ ತೆಗೆದು, ಹಾಲು ತುಪ್ಪ ಹೊಯ್ದು ಮಣ್ಣು ಮಾಡಬೇಕು. ಎಲ್ಲರೂ ತಲೆಗೆ ಮೀಯಬೇಕು. ಮೂಗುತಿ ಇಟ್ಟದ್ದೂ ಸತ್ತಿದ್ದರೆ ಮಾತ್ರ ಇಷ್ಟಕ್ಕೆ ಮುಗಿಯುವುದಿಲ್ಲ, ಅಮ್ಮ ಊರು ಬಿಟ್ಟಳೆಂದೇ ಲೆಕ್ಕ. "ಒಂದೊಂದೇ ಮೂಗ್ ಕಂಡ್ ಹಾಕಿ" ಎಂದರು.

ಗಂಡಸರು ನೀರಿಗಿಳಿದು ಬುಟ್ಟಿಯಲ್ಲಿ ಮೊಗೆಯತೊಡಗಿದರು. ದಂಡೆಯಲ್ಲಿ ನಿಂತವರು ಒಂದೊಂದನ್ನೂ ಎತ್ತಿ, ತುಟಿ ಬಿಡಿಸಿ ನೋಡಿ ಹೊಸದಾಗಿ ತೆಗೆದ ಗುಂಡಿಗೆ ಹಾಕುತ್ತಿದ್ದರು. ಸುಧೀರ್ ಗುಡಿಯ ಮೆಟ್ಟಿಲಲ್ಲಿ ಕೂತು ಪ್ರತಿ ಬುಟ್ಟಿಯನ್ನೂ ನೋಡುತ್ತಿದ್ದ. ಕೆನ್ನೆ ಊದಿತ್ತು.

ತುಂಗಾಳೂ ನೀರಿಗಿಳಿದಳು. ಬೇಡ ಅನ್ನುವವರು ಯಾರೂ ಇರಲಿಲ್ಲ. ಎಲ್ಲರೂ ನಡುವೆ ಹುಡುಕುತ್ತಿದ್ದರೆ ಅವಳು ನೇರಳೆ ಬೇರಿನ ಮೂಲೆಗೆ ಹೋದಳು. ಅದರ ಮನೆ ಎಲ್ಲಿ ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು? ಬೇರಿನ ಸಂದಿಗೆ ಕೈ ಹಾಕಿದಳು. ತಣ್ಣಗೆ, ದಪ್ಪಗೆ, ಕೈಗೆ ತಾಗಿತು. ತಲೆ ಒಳಗೆ ಹುಗಿದುಕೊಂಡು ಹಾಗೇ ಹೋಗಿತ್ತು. ಮೆಲ್ಲನೆ ತಿರುಗಿಸಿ ತುಟಿ ಸವರಿದಳು. ರಾಜೀವ ಇಟ್ಟ ಉಂಗುರ. ಹೆಬ್ಬೆರಳು ಹಾಕಿದ್ದೇ ಮೆತ್ತಗಾದ ತುಟಿಯಿಂದ ಕಳಚಿ ಅಂಗೈಗೆ ಬಂತು. ಬೇಕೆಂದು ತೆಗೆದದ್ದಲ್ಲ, ಬಂದುಬಿಟ್ಟಿತು. ಅಷ್ಟು ಜನ ಅದನ್ನು ಎತ್ತಿ ತೋರಿಸಿ ಕೈಯಿಂದ ಕೈಗೆ ದಾಟಿಸುವುದು ಅವಳಿಗೆ ಬೇಡವಾಗಿತ್ತು. ಉಂಗುರವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಇನ್ನೊಂದು ಕೈಯಿಂದ ಮೀನನ್ನು ಬುಟ್ಟಿಯ ಉಳಿದ ದೊಡ್ಡ ಮೀನುಗಳ ನಡುವೆ ಮಲಗಿಸಿದಳು.

ಹನ್ನೊಂದು ಗಂಟೆಗೆ ಹಾಲ್ಗುಂಡಿಯ ಕೊನೆಯ ಬುಟ್ಟಿಯೂ ಮುಗಿಯಿತು. ಒಬ್ಬ ತಲೆಯೆತ್ತಿ ಕೂಗಿದ, "ಹ್ವಾಯ್, ಮೂಗುತಿದ್ದ್ ಇಲ್ಲೆ!"

"ಇಲ್ಯಾ?"

"ಇಲ್ಲೆ! ಎಲ್ಲ ಕಂಡಾಯ್ತ್. ಬದ್ಕಿತ್ತ್ ಅದ್! ಎಲ್ಲೋ ಹೋಯಿ ಅಡ್ಗಿತ್ತ್!"

ಏನು ಹೇಳುವುದು, ಸಾವಿನ ಮನೆ ಮದುವೆ ಮನೆಯಾಯಿತು. ಭಟ್ಟರು ಕೈ ಜೋಡಿಸಿ ಅಮ್ಮನ ಕಡೆ ತಿರುಗಿದರು. ಹೆಂಗಸರು ಕಣ್ಣೊರೆಸಿಕೊಂಡರು. ಮೇಲೆ ಹತ್ತಿ ಹೋಗಿರಬೇಕು ಎಂದ ಒಬ್ಬ, ಹೌದೆಂದರು ಎಲ್ಲರೂ. ಒಣಗಿ ಬಂಡೆ ಕಾಣುವ ಹೊಳೆಯಲ್ಲಿ ಮೀನು ಎತ್ತ ಹತ್ತಿ ಹೋಗುವುದು ಎಂದು ಒಬ್ಬನೂ ಕೇಳಲಿಲ್ಲ. ಶೆಟ್ಟರು ಸುಧೀರನ ಬೆನ್ನು ತಟ್ಟಿ, "ನಿನ್ನ್ ಪುಣ್ಯ ದೊಡ್ಡದ್ ಮಾರಾಯ, ಹೋಯ್ಕೊ" ಎಂದರು.

ತುಂಗಾ ಬಾಯಿ ತೆರೆದಿದ್ದಳು. ಮುಷ್ಟಿ ಬಿಡಿಸಿ ತೋರಿಸಬೇಕು, ಇಲ್ಲಿದೆ, ಅದೂ ಸತ್ತಿದೆ, ಕೊಂದವಳು ನಾನು ಎನ್ನಬೇಕು. ಆಗ ಮೆಟ್ಟಿಲಿನ ಮೇಲೆ ಸುಧೀರ್ ಊದಿದ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದ, ಬದುಕಿಕೊಂಡೆ ಎಂಬ ಅಳು. ಅವಳು ಬಾಯಿ ಮುಚ್ಚಿದಳು. ಉಂಗುರವನ್ನು ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು. ಮಧ್ಯಾಹ್ನ ಎಲ್ಲರೂ ಮಿಂದು ಮನೆಗೆ ಹೋದ ಮೇಲೆ ಮೇಲಿನ ತೋಟದಲ್ಲಿ ಪಂಪಿನ ಸದ್ದು ಕೇಳಿಸಿತು.

ಮಳೆ ಹಿಡಿಯುವಾಗ ಆರಿದ್ರೆಯೂ ಅರ್ಧ ಕಳೆದಿತ್ತು. ಹಿಡಿದ ಮೇಲೆ ಒಂದೇ ವಾರ, ಹೊಳೆ ಕೆಂಪಗೆ ತುಂಬಿ, ಹಾಲ್ಗುಂಡಿಯ ಕಲ್ಲುಗಳನ್ನೆಲ್ಲ ಮುಚ್ಚಿ ಹರಿಯಿತು. ಮೂಗುತಿ ಮೀನು ಉಳಿಯಿತಂತೆ ಎಂಬ ಸುದ್ದಿ ಕುಂಭಾಶಿಯವರೆಗೂ ಹೋಗಿ, ಮೊದಲಿಗಿಂತ ಹೆಚ್ಚು ಜನ ಬರತೊಡಗಿದರು. ತುಂಗಾ ಹೊದಲು ಹುರಿದು ಕೊಟ್ಟಳು. ಮೀನೆಲ್ಲಿ ಎಂದು ಕೇಳಿದವರಿಗೆ "ಅಡಿಯಗಿತ್ತ್, ಕೆಂಪ್ ನೀರಗೆ ಕಾಂತಿಲ್ಲೆ" ಎಂದಳು. ಹಾಗೆ ಹೇಳಿದ ದಿನವೆಲ್ಲ ರಾತ್ರಿಯ ಗಂಜಿಯನ್ನು ಮುಚ್ಚಿಟ್ಟೇ ಮಲಗಿದಳು.

ಮಳೆ ಬಿಟ್ಟು ಹೊಳವಾದ ಒಂದು ಬೆಳಿಗ್ಗೆ ಸುಧೀರ್ ಬಂದ. ಬೈಕು ದೂರದಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು ನಡೆದು ಬಂದ. ಸೊರಗಿದ್ದ. ಟ್ಯಾಂಕರ್ ಬಿಟ್ಟಿದ್ದನಂತೆ, ಅದರ ಹತ್ತಿರ ಹೋದರೆ ಆ ವಾಸನೆಗೆ ವಾಂತಿ ಬರುತ್ತದಂತೆ.

"ನೀವ್ ಅವತ್ತ್ ನನ್ನ್ ಪರ ಹೇಳಿದ್ರಿ, ನಂಗ್ ಗೊತ್ತಿತ್ತಕ್ಕಾ" ಎಂದ. "ಆದ್ರೂ ತಂದ್ ಹಾಕ್ದದ್ದ್ ಈ ಕೈಯೇ ಅಲ್ದಾ? ಅದೊಂದ್ ಉಳ್ದಿತ್ತ್ ಅಂಬ್ದ್ ನೆನ್ಸ್ಕಂಡೇ ನಾ ಕಣ್ಣ್ ಮುಚ್ಚುದ್. ನೀವ್ ಕಂಡ್ರ್ಯಾ ಅದನ್ನ್?"

ತುಂಗಾಳ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಗಂಟಿನೊಳಗೆ ಗಟ್ಟಿಯಾಗಿ, ಅಕ್ಕಿಕಾಳಿನಷ್ಟೇ, ಅದು ಬೆರಳಿಗೆ ಸಿಕ್ಕಿತು.

"ಕಂಡೆ ಮಾರಾಯ" ಎಂದಳು. "ಮೊನ್ನೆ ಬೆಳಿಗ್ಗೆ ಬಂದಿತ್ತ್."

ಅವನ ಮುಖ ನೋಡುವ ಹಾಗಿರಲಿಲ್ಲ, ಅಷ್ಟು ಬೆಳಗಿತು. "ನಾ ಒಂದ್ಸಲ ಕರಿಲಾ ಅಕ್ಕಾ?"

ಬಟ್ಟಲು ಕೊಟ್ಟಳು. ಅವನು ಕಲ್ಲಿನ ಗುಳಿಗೆ ಸರಿಯಾಗಿ ಮೂರು ಸಲ ಕುಟ್ಟಿ, ಎರಡೂ ಕೈಯಲ್ಲಿ ಹೊದಲು ತುಂಬಿ ಚೆಲ್ಲಿದ. ಬಿಳೀ ಹೊದಲು ಕೆಂಪು ನೀರಿನ ಮೇಲೆ ಹರಡಿ, ನೇರಳೆ ಬೇರಿನ ಹತ್ತಿರ ಒಂದು ಸುತ್ತು ತಿರುಗಿತು. ಸುಧೀರ್ ಮೊಣಕಾಲೂರಿ ಬಗ್ಗಿ ನೋಡುತ್ತಿದ್ದ. ಒಂದು ಕಾಳೂ ಮುಳುಗಲಿಲ್ಲ. ಎಲ್ಲ ಒಟ್ಟಾಗಿ ಬಂಡೆ ದಾಟಿ ಕೆಳಗೆ ಹರಿದು ಹೋದವು.

"ಕುಟ್ಟಿದ್ದ್ ಮೀನಿಗ್ ಕೇಂಡಿಲ್ಲೆ ಕಾಣತ್ತ್" ಎಂದ ಅವನು, ತಿರುಗದೆಯೇ. "ಇನ್ನೊಂದ್ಸಲ ಕುಟ್ಲಾ?"

"ಕುಟ್ಟ್" ಎಂದಳು ತುಂಗಾ, ಮತ್ತು ಅವನ ಕೈಗೆ ಹೊದಲಿನ ಬುಟ್ಟಿಯನ್ನೇ ದಾಟಿಸಿದಳು.